ಮಾಗಡಿ ಕೆರೆಯ ಗಡಿ ಎಲ್ಲಿ?

ದೀಪಾವಳಿ ಕಳೆದು ಚಳಿ ಬೀಳುತ್ತಿದ್ದಂತೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುತ್ತವೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿಗಳಿವು. 2024ರಲ್ಲಿ ಈ ಕೆರೆ ರಾಮ್ಸಾರ್ ತಾಣವೂ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೂ ಆಯಿತು. ಜೀವಶಾಸ್ತ್ರ ಓದುವವರು ಒಂದು ಸಂಜೆ ಇದರ ಏರಿ ಮೇಲೆ ಸುಮ್ನೆ ನಿಂತು ನೋಡಬೇಕು.

ಹಗಲೆಲ್ಲ ನೀರಲ್ಲೇ ಇದ್ದ ಬಾತುಗಳು ಕತ್ತಲಾಗುವಾಗ ಗುಂಪುಗುಂಪಾಗಿ ಏಳುತ್ತವೆ. ಸುತ್ತಲ ಹೊಲಗಳಲ್ಲಿ ಕಡಲೆ, ಶೇಂಗಾ, ಎಳೆ ಹುಲ್ಲು ಮೇಯ್ದು ಮತ್ತೆ ಕೆರೆಗೆ ಮರಳುತ್ತವೆ. ಹಾಗಾದರೆ ಕೆರೆ ಏರಿಗೇ ಮುಗಿಯಿತಾ? ಜೀವಿಗಳನ್ನೂ ಅವುಗಳ ಸುತ್ತಲಿನ ಮಣ್ಣು, ನೀರು, ಗಾಳಿಯನ್ನೂ ಸೇರಿಸಿ ಒಂದೇ ವ್ಯವಸ್ಥೆಯಾಗಿ ನೋಡಬೇಕು ಎಂದು ಬ್ರಿಟಿಷ್ ಪರಿಸರ ವಿಜ್ಞಾನಿ ಆರ್ಥರ್ ಟಾನ್ಸ್ಲಿ 1935ರಲ್ಲಿ ಬರೆದರು. ಅದಕ್ಕೆ ಅವರಿಟ್ಟ ಹೆಸರೇ ಇಕೋಸಿಸ್ಟಮ್. ಮಾಗಡಿಯಲ್ಲಿ ಹೊಲವನ್ನು ಬಿಟ್ಟು ಕೆರೆಯ ಲೆಕ್ಕ ಹಾಕಲು ಆಗುವುದೇ ಇಲ್ಲ.

ಕಡಲೆ ಎಲೆ ಹಿಡಿದಿಟ್ಟ ಬಿಸಿಲು ಬಾತಿನ ಹೊಟ್ಟೆ ಸೇರುತ್ತದೆ. ಅದರಲ್ಲಿ ಬಹುಪಾಲು ಉಸಿರಾಟಕ್ಕೆ, ಹಾರಾಟಕ್ಕೆ ಖರ್ಚಾಗಿ ಶಾಖವಾಗಿ ಹೋಗುತ್ತದೆ. ಆಹಾರ ಸರಪಳಿಯ ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ ದಾಟುವುದು ಸುಮಾರು ಶೇಕಡಾ 10ರಷ್ಟು ಪಾಲು ಮಾತ್ರ. ಬಾತುಗಳು ಸಾವಿರಗಟ್ಟಲೆ ಇರುವಲ್ಲಿ ಬೇಟೆಯಾಡುವ ಗಿಡುಗಗಳು ಬೆರಳೆಣಿಕೆಯಷ್ಟೇ ಕಾಣುವುದು ಇದಕ್ಕೇ. ಕಳೆದುಹೋದ ಶಾಖ ಮತ್ತೆ ಎಲೆಗೆ ಬರುವುದಿಲ್ಲ. ನಾಳೆ ಹೊಸ ಬಿಸಿಲೇ ಬೇಕು.

ಹಿಕ್ಕೆಯ ಕಥೆ ಬೇರೆ. ನನಗೆ ತುಂಬ ಇಷ್ಟವಾದದ್ದು ಇದೇ. ಕಡಲೆ, ಶೇಂಗಾ ಬೇರಿನ ಗಂಟುಗಳಲ್ಲಿ ಬ್ಯಾಕ್ಟೀರಿಯಾಗಳಿರುತ್ತವೆ. ಅವು ಗಾಳಿಯ ಸಾರಜನಕವನ್ನು ಗಿಡಕ್ಕೆ ಒಗ್ಗುವಂತೆ ಮಾಡಿಕೊಡುತ್ತವೆ. ಆ ಸಾರಜನಕ ಎಲೆ ಸೇರಿ, ಬಾತಿನ ಹೊಟ್ಟೆ ಸೇರಿ, ಹಿಕ್ಕೆಯಾಗಿ ಕೆರೆಗೆ ಬೀಳುತ್ತದೆ. ಜೊತೆಗೆ ರಂಜಕವೂ ಇರುತ್ತದೆ. ಅದನ್ನುಂಡು ಪಾಚಿ ಬೆಳೆಯುತ್ತದೆ, ಪಾಚಿ ತಿಂದು ಸಣ್ಣ ಹುಳುಗಳು, ಹುಳು ತಿಂದು ಮೀನು. ಬೇಸಿಗೆಯಲ್ಲಿ ನೀರು ಇಳಿದು ಗೊಬ್ಬರ ಜಾಸ್ತಿಯಾದರೆ ಮಾತ್ರ ಅಪಾಯ. ಪಾಚಿ ಮಿತಿಮೀರಿ ಬೆಳೆದು ಕೊಳೆಯುತ್ತದೆ, ನೀರಿನ ಆಮ್ಲಜನಕ ಕಡಿಮೆಯಾಗಿ ಮೀನು ಸಾಯುತ್ತವೆ.

ಬೆಳೆ ಕಳೆದುಕೊಂಡ ರೈತನಿಗೆ ಈ ಲೆಕ್ಕ ಸಮಾಧಾನ ಕೊಡುವುದಿಲ್ಲ. ಅವನ ನಷ್ಟ ನಿಜ, ಪರಿಹಾರವೂ ಅವನಿಗೆ ಸಿಗಲೇಬೇಕು. ಆದರೆ ನಮ್ಮ ಹಿರಿಯರು ಬೇಸಿಗೆಯಲ್ಲಿ ಚಕ್ಕಡಿ ಕಟ್ಟಿ ಕೆರೆಯ ಹೂಳನ್ನು ಹೊಲಕ್ಕೆ ಹೇರುತ್ತಿದ್ದರಲ್ವಾ? ಹೊಲದಿಂದ ಕೆರೆಗೆ ಹೋದದ್ದು ಆ ಚಕ್ಕಡಿಯಲ್ಲಿ ಮತ್ತೆ ಹೊಲಕ್ಕೆ ಬರುತ್ತಿತ್ತು.