ಇಬ್ಬರು ಪರಿಶೀಲಕರು, ಎರಡು ಪ್ರಶ್ನೆ

ಹೋದ ವಾರ ಯುವ ಸಂಶೋಧಕರೊಬ್ಬರು ಫೋನ್ ಮಾಡಿದ್ದರು. ಅವರ ಪ್ರಬಂಧದ ಬಗ್ಗೆ ಬಂದ ಒಂದು ವರದಿ ‘ಖಂಡಿತ ಪ್ರಕಟಿಸಿ’ ಎಂದಿತ್ತು, ಇನ್ನೊಂದು ಐದು ಪುಟ ತುಂಬ ತಪ್ಪು ಎಣಿಸಿತ್ತು. “ಸರ್, ಇಬ್ಬರಲ್ಲಿ ಯಾರು ಸರಿ?” ಎಂದು ಕೇಳಿದರು. ಸಂಪಾದಕನಾಗಿ ಈ ಪ್ರಶ್ನೆ ಕೇಳಿ ಕೇಳಿ ನನಗೆ ಸಾಕಾಗಿದೆ. ಅವರಿಬ್ಬರಿಗೂ ಒಂದೇ ಪ್ರಬಂಧ ಹೋಗಿತ್ತು, ನಿಜ. ಆದರೆ ಇಬ್ಬರೂ ಅದಕ್ಕೆ ಹಾಕಿದ್ದು ಒಂದೇ ಪ್ರಶ್ನೆಯೇ?

ಪ್ರಬಂಧವನ್ನು ಅಚ್ಚು ಹಾಕುವ ಮೊದಲು ವಿಷಯ ಬಲ್ಲವರಿಂದ ಓದಿಸಿ ವರದಿ ಪಡೆಯುವ ಈ ಪದ್ಧತಿ ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯಲ್ಲಿ ಕಣ್ಣು ಬಿಡುತ್ತಿದ್ದಾಗಲೇ ಇದೇ ತಕರಾರು ಎದ್ದಿತ್ತು. ಪ್ರಬಂಧಗಳ ಮೇಲೆ ವರದಿ ಬರೆಸೋಣ ಎಂದು 1831ರಲ್ಲಿ ಸೂಚಿಸಿದವರು ಕೇಂಬ್ರಿಜ್‌ನ ವಿದ್ವಾಂಸ ವಿಲಿಯಂ ಹ್ಯೂವೆಲ್. ಮೊದಲು ಕೈಗೆ ಬಂದದ್ದು ಖಗೋಳ ವಿಜ್ಞಾನಿ ಜಾರ್ಜ್ ಏರಿಯವರ ಪ್ರಬಂಧ. ಶುಕ್ರ ಸೂರ್ಯನನ್ನು 13 ಸುತ್ತು ಸುತ್ತುವಷ್ಟರಲ್ಲಿ ಭೂಮಿ ಹೆಚ್ಚುಕಡಿಮೆ 8 ಸುತ್ತು ಮುಗಿಸುತ್ತದೆ. ಇದರಿಂದ ಎರಡರ ಚಲನೆಯಲ್ಲಿ ಸುಮಾರು 240 ವರ್ಷಗಳ ಅವಧಿಯ ಒಂದು ಸಣ್ಣ ಏರುಪೇರು ಹುಟ್ಟುತ್ತದೆ ಎಂದು ಏರಿ ಲೆಕ್ಕ ಹಾಕಿ ತೋರಿಸಿದ್ದರು. ಹ್ಯೂವೆಲ್ ಜೊತೆಗಿದ್ದ ಪರಿಶೀಲಕ ಜಾನ್ ವಿಲಿಯಂ ಲಬಕ್, ವೃತ್ತಿಯಿಂದ ಬ್ಯಾಂಕಿನವರು, ಗಣಿತದಲ್ಲಿ ನುರಿತವರು. ಈ ಕೆಲಸ ವಿಜ್ಞಾನದಲ್ಲಿ ಎಲ್ಲಿ ನಿಲ್ಲುತ್ತದೆ ಎಂದು ಓದುಗರಿಗೆ ಹೇಳುವುದೇ ವರದಿಯ ಕೆಲಸ ಎಂಬುದು ಹ್ಯೂವೆಲ್ ನಿಲುವು. ಲೆಕ್ಕ ಮಾಡಿದ ದಾರಿ ಸರಿಯೇ, ಇನ್ನೂ ನೇರವಾದ ದಾರಿ ಇತ್ತೇ ಎಂಬುದೇ ಲಬಕ್ ಅವರ ಚಿಂತೆ. ಅದನ್ನು ಅವರು ಏರಿಗೇ ಬರೆದರು. ಏರಿ ಸಿಡುಕಿದರು, ತಿದ್ದಲಿಲ್ಲ. 1832ರಲ್ಲಿ ಅಚ್ಚಾದ ವರದಿ ಹ್ಯೂವೆಲ್ ಬಯಸಿದಂತೆ ಮೆಚ್ಚುಗೆಯದಾಗಿತ್ತು.

ಇಲ್ಲಿ ಯಾರು ಸರಿ? ಇಬ್ಬರೂ ಸರಿಯೇ. ಕೆಲಸ ದೊಡ್ಡದೇ ಎಂದು ಒಬ್ಬರು ಕೇಳಿದರು, ಕೆಲಸ ಚೊಕ್ಕಟವಾಗಿದೆಯೇ ಎಂದು ಮತ್ತೊಬ್ಬರು ಕೇಳಿದರು. ದೊಡ್ಡ ಕೆಲಸದಲ್ಲೂ ತೊಡಕು ಇರಬಹುದು. ಲೇಖಕರು ಈ ಎರಡನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗುತ್ತಾರೆ, ಆಮೇಲೆ ಮೆಚ್ಚಿದವರನ್ನು ಬುದ್ಧಿವಂತರೆಂದೂ ತಪ್ಪು ಹಿಡಿದವರನ್ನು ಹಗೆಯವರೆಂದೂ ಎಣಿಸುತ್ತಾರೆ. ಎಲ್ಲ ಭಿನ್ನಾಭಿಪ್ರಾಯವೂ ಹೀಗೆಯೇ ಎಂದು ನಾನು ಹೇಳುವುದಿಲ್ಲ. ಪ್ರಬಂಧವನ್ನು ಓದದೆಯೇ ಬರೆದ ವರದಿಗಳು ಬರುತ್ತವೆ, ಹೊಟ್ಟೆಕಿಚ್ಚಿನವೂ ಬರುತ್ತವೆ. ಅಂಥವನ್ನು ನಾನು ಹಿಂದಕ್ಕೆ ಕಳಿಸಿದ್ದೇನೆ.

ನನಗೆ ನಿಜಕ್ಕೂ ಭಯ ಹುಟ್ಟುವುದು ಇಬ್ಬರೂ ಒಂದೇ ಮಾತು ಹೇಳಿದಾಗ. ಮುಂಬಯಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕಾ ಕೆಡೆಟ್‌ಗಳಿಗೆ ಪಾಠ ಹೇಳುತ್ತಿದ್ದ ಜಾನ್ ಜೇಮ್ಸ್ ವಾಟರ್‌ಸ್ಟನ್ 1845ರಲ್ಲಿ ಅದೇ ಸೊಸೈಟಿಗೆ ಪ್ರಬಂಧವೊಂದನ್ನು ಕಳಿಸಿದರು. ಅನಿಲದ ಕಣಗಳು ಎಡೆಬಿಡದೆ ಓಡಾಡುತ್ತವೆ, ಒತ್ತಡವೂ ಉಷ್ಣತೆಯೂ ಆ ಓಟದಿಂದಲೇ ಬರುತ್ತವೆ ಎಂಬುದು ಅವರ ವಾದ. ಮುಂದೆ ವಿಜ್ಞಾನ ಒಪ್ಪಿಕೊಂಡದ್ದೂ ಇದನ್ನೇ. ಪ್ರಬಂಧದ ಮೂಲ ಕಲ್ಪನೆಯನ್ನು ಒಪ್ಪುವುದು ಕಷ್ಟ ಎಂದರು ಮೊದಲ ಪರಿಶೀಲಕ, ಆಕ್ಸ್‌ಫರ್ಡಿನ ಗಣಿತ ಪ್ರಾಧ್ಯಾಪಕ ಬೇಡನ್ ಪೊವೆಲ್. ಎರಡನೆಯ ಪರಿಶೀಲಕರು ಅದೇ ಲಬಕ್: ಬರೀ ಅಸಂಬದ್ಧ, ಸಭೆಯಲ್ಲಿ ಓದಲೂ ತಕ್ಕದ್ದಲ್ಲ ಎಂದು ಬರೆದರು. ಆದರೂ 1846ರಲ್ಲಿ ಅದನ್ನು ಸಭೆಯ ಮುಂದಿಟ್ಟು ಸಾರಾಂಶ ಮಾತ್ರ ಅಚ್ಚು ಹಾಕಿದರು. ಸಭೆಯಲ್ಲಿ ಓದಿದ ಪ್ರಬಂಧ ಸೊಸೈಟಿಯ ಸ್ವತ್ತು, ಹಾಗಾಗಿ ಹಸ್ತಪ್ರತಿ ಮರಳಲಿಲ್ಲ. ವಾಟರ್‌ಸ್ಟನ್ ಬಳಿ ಬೇರೆ ಪ್ರತಿಯೇ ಇರಲಿಲ್ಲ. ಭೌತವಿಜ್ಞಾನಿ ಲಾರ್ಡ್ ರೇಲೀ ಆ ಕಟ್ಟನ್ನು ಹುಡುಕಿ ತೆಗೆಸಿ ಪೂರ್ತಿ ಅಚ್ಚು ಹಾಕಿಸುವಷ್ಟರಲ್ಲಿ 1892 ಬಂದಿತ್ತು. ಬರೆದವರು ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಅಲ್ಲಿ ಒಬ್ಬರಾದರೂ ‘ಕೆಲಸ ದೊಡ್ಡದೇ?’ ಎಂದು ಕೇಳಿದ್ದರೆ ಎಂದು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಫೋನ್ ಮಾಡಿದ ಸಂಶೋಧಕರಿಗೆ ಒಂದೇ ಕೆಲಸ ಹೇಳಿದೆ: ಎರಡು ಹಾಳೆ ತೆಗೆದುಕೊಳ್ಳಿ, ಪ್ರತಿ ವರದಿ ಯಾವ ಪ್ರಶ್ನೆಗೆ ಉತ್ತರ ಕೊಡುತ್ತಿದೆ ಎಂದು ಒಂದೊಂದೇ ಸಾಲಿನಲ್ಲಿ ಬರೆಯಿರಿ. ಎರಡು ದಿನ ಬಿಟ್ಟು ಅವರೇ ಕರೆ ಮಾಡಿದರು. ಐದು ಪುಟದ ಆ ವರದಿಯಲ್ಲಿ ತೀರ್ಮಾನದ ವಿರುದ್ಧ ಒಂದು ಸಾಲೂ ಇರಲಿಲ್ಲವಂತೆ. ಎರಡನೆಯ ಕೋಷ್ಟಕದಲ್ಲಿ ತಪ್ಪು ಸಿಕ್ಕಿದೆ, ಅಳತೆಯನ್ನು ಹೊಸದಾಗಿ ಮಾಡುತ್ತಿದ್ದೇನೆ, ಮೂರು ವಾರ ಬೇಕು ಎಂದರು. ಕೊಟ್ಟಿದ್ದೇನೆ.