ಪದ ಪರಿಚಯ: ಥ್ರಸ್ಟ್ ಆಂಗಲ್

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಲು ಹೊರಟವರು ಅದನ್ನು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮೂಲ್ಕಿಯಿಂದ ಪಡುಬಿದ್ರಿಯವರೆಗೆ ಒಮ್ಮೆ ಓಡಿಸಿ, ಸ್ಟೇರಿಂಗ್ ನೆಟ್ಟಗಿದೆ, ಗಾಡಿ ಯಾವ ಬದಿಗೂ ಎಳೆಯುವುದಿಲ್ಲ ಎಂದು ಖಾತ್ರಿಯಾದ ಮೇಲೆ ಅಡಿಭಾಗದ ಬಗ್ಗೆ ನಿಶ್ಚಿಂತರಾಗುವುದು ಸಾಮಾನ್ಯ. ಆದರೆ ಸ್ಟೇರಿಂಗ್ ನೆಟ್ಟಗಿದ್ದರೂ ಗಾಡಿ ಸೊಟ್ಟಗೆ ಓಡುತ್ತಿರಬಹುದು. ಅದನ್ನು ಹಿಡಿದುಕೊಡುವ ಅಳತೆಯ ಹೆಸರು ಥ್ರಸ್ಟ್ ಆಂಗಲ್. ನಾಲ್ಕೂ ಚಕ್ರಗಳನ್ನು ಅಳೆಯುವ ವ್ಹೀಲ್ ಅಲೈನ್‌ಮೆಂಟ್ ಯಂತ್ರ ಮುದ್ರಿಸಿಕೊಡುವ ಚೀಟಿಯಲ್ಲಿ ಹಿಂದಿನ ಚಕ್ರಗಳ ಅಂಕಿಗಳ ಜೊತೆಗೇ ಇದು ಇರುತ್ತದೆ; ಆ ಸಾಲನ್ನು ಓದುವವರು ಕಡಿಮೆ.

ಕಾರಿನ ಮುಂದಿನ ಆಕ್ಸಲಿನ ನಡುಬಿಂದುವಿನಿಂದ ಹಿಂದಿನ ಆಕ್ಸಲಿನ ನಡುಬಿಂದುವಿಗೆ ಒಂದು ಗೆರೆ ಎಳೆದರೆ ಅದು ಗಾಡಿಯ ಮಧ್ಯರೇಖೆ. ಹಿಂದಿನ ಎರಡೂ ಚಕ್ರಗಳು ಒಟ್ಟಾಗಿ ಮುಖ ಮಾಡಿರುವ ದಿಕ್ಕು ಥ್ರಸ್ಟ್ ಲೈನ್. ಈ ಎರಡು ಗೆರೆಗಳ ನಡುವಿನ ಕೋನವೇ ಥ್ರಸ್ಟ್ ಆಂಗಲ್, ಮತ್ತು ಅದು ಸೊನ್ನೆಗೆ ಹತ್ತಿರವಿದ್ದಷ್ಟೂ ಒಳ್ಳೆಯದು. ಥ್ರಸ್ಟ್ ಎಂದರೆ ನೂಕು. ಅಂಬಾಸಿಡರ್‌ನಂತೆ ಹಿಂದಿನ ಚಕ್ರಗಳೇ ನೂಕುವ ಗಾಡಿಗೆ ಈ ಹೆಸರು ಸಹಜವಾಗಿ ಒಪ್ಪುತ್ತದೆ. ಮುಂದಿನ ಚಕ್ರಗಳು ಎಳೆಯುವ ಇಂದಿನ ಸಣ್ಣ ಕಾರುಗಳಲ್ಲಿ ಹಿಂದಿನ ಚಕ್ರಗಳು ಏನನ್ನೂ ನೂಕದಿದ್ದರೂ, ಅವು ಮುಖ ಮಾಡಿದ ಕಡೆಗೇ ಗಾಡಿಯ ಹಿಂಭಾಗ ಸರಿಯುತ್ತದಾದ್ದರಿಂದ ಹೆಸರು ಉಳಿದುಕೊಂಡಿದೆ. ಕನ್ನಡದಲ್ಲಿ ‘ನೂಕು ಕೋನ’ ಎನ್ನಬಹುದು, ಆದರೆ ಹಾಗೆ ಕೇಳಿದರೆ ಯಾವ ಗ್ಯಾರೇಜಿನಲ್ಲೂ ಉತ್ತರ ಸಿಗಲಾರದು.

ಥ್ರಸ್ಟ್ ಲೈನ್ ಬಲಕ್ಕೆ ವಾಲಿದೆ ಎಂದುಕೊಳ್ಳೋಣ. ಗಾಡಿಯ ಹಿಂಭಾಗ ಬಲಕ್ಕೆ ಹೋಗಲು ನೋಡುವುದರಿಂದ ಮೂತಿ ಎಡಕ್ಕೆ ತಿರುಗುತ್ತದೆ, ಅದನ್ನು ತಡೆಯಲು ಚಾಲಕ ಸ್ಟೇರಿಂಗನ್ನು ತುಸು ಬಲಕ್ಕೆ ಹಿಡಿಯಬೇಕಾಗುತ್ತದೆ. ಆಗ ಗಾಡಿ ರಸ್ತೆಯಲ್ಲಿ ನೇರವಾಗಿಯೇ ಸಾಗುತ್ತದೆ, ಮೈ ಮಾತ್ರ ಓರೆಯಾಗಿರುತ್ತದೆ. ಇದಕ್ಕೆ ಏಡಿಯ ನಡಿಗೆ ಎನ್ನುತ್ತಾರೆ. ಡೆಂಜಿಯನ್ನು, ಅಂದರೆ ಏಡಿಯನ್ನು, ಬುಟ್ಟಿಯಲ್ಲಿಯೂ ಬಟ್ಟಲಿನಲ್ಲಿಯೂ ಬಲ್ಲ ಕರಾವಳಿಯವರಿಗೆ ಈ ಹೋಲಿಕೆಯನ್ನು ವಿವರಿಸಬೇಕಾಗಿಲ್ಲ. ಇಲ್ಲಿ ಗಮನಿಸಬೇಕಾದ ವಿಷಯವೆಂದರೆ, ಅಲೈನ್‌ಮೆಂಟ್ ಮಾಡುವವರು ಸ್ಟೇರಿಂಗನ್ನು ಮುಂದಿನ ಚಕ್ರಗಳಿಗೆ ಜೋಡಿಸುವ ಟೈ ರಾಡ್‌ಗಳನ್ನು ತಿರುಗಿಸಿ ಮುಂದಿನ ಚಕ್ರಗಳನ್ನು ಓರೆಯಾದ ಥ್ರಸ್ಟ್ ಲೈನಿಗೇ ಹೊಂದಿಸಿಬಿಟ್ಟರೆ ಸ್ಟೇರಿಂಗ್ ನೆಟ್ಟಗಾಗುತ್ತದೆ, ಎಳೆತವೂ ನಿಲ್ಲುತ್ತದೆ, ಏಡಿಯ ನಡಿಗೆ ಮಾತ್ರ ಹಾಗೆಯೇ ಉಳಿಯುತ್ತದೆ. ಮಾರಾಟಕ್ಕೆ ಮುಂಚೆ ಇಷ್ಟನ್ನೇ ಮಾಡಿಸಿದ ಗಾಡಿ ಹೆದ್ದಾರಿಯ ಪರೀಕ್ಷೆಯಲ್ಲಿ ಸುಲಭವಾಗಿ ಪಾಸಾಗುತ್ತದೆ.

ಕೋನ ಎಷ್ಟಿದೆ ಎಂಬುದಕ್ಕಿಂತ ಅದು ಎಲ್ಲಿಂದ ಹುಟ್ಟಿತು ಎಂಬುದು ಮುಖ್ಯ, ಮತ್ತು ಹಿಂದಿನ ಸಸ್ಪೆನ್ಷನ್ನಿನ ಹಾನಿಯನ್ನು ಗುರುತಿಸುವುದರಲ್ಲಿ ಈ ಪದದ ನಿಜವಾದ ಉಪಯೋಗವಿರುವುದು ಅಲ್ಲಿಯೇ. ಚಕ್ರದ ಮುಂದಿನ ಅಂಚು ಒಳಕ್ಕೆ ವಾಲಿದ್ದರೆ ಟೋ-ಇನ್, ಅದನ್ನು ಧನ ಸಂಖ್ಯೆಯಲ್ಲಿ ಬರೆಯುತ್ತಾರೆ. ಹೊರಕ್ಕೆ ವಾಲಿದ್ದರೆ ಟೋ-ಔಟ್, ಅದು ಋಣ. ಹಿಂದಿನ ಎಡಚಕ್ರದ ಟೋದಿಂದ ಹಿಂದಿನ ಬಲಚಕ್ರದ ಟೋವನ್ನು ಕಳೆದು ಅರ್ಧ ಮಾಡಿದರೆ ಥ್ರಸ್ಟ್ ಆಂಗಲ್ ಸಿಗುತ್ತದೆ. ಉದಾಹರಣೆಗೆ, ಎರಡೂ ಚಕ್ರಗಳಿಗೆ 0.10 ಡಿಗ್ರಿ ಟೋ-ಇನ್ ಇರಬೇಕಾದ ಕಾರೊಂದರಲ್ಲಿ ಎಡಕ್ಕೆ 0.40, ಬಲಕ್ಕೆ ಋಣ 0.20 ಬಂದಿದೆ ಎನ್ನೋಣ. ಥ್ರಸ್ಟ್ ಆಂಗಲ್ 0.30. ಅಂಥದೇ ಇನ್ನೊಂದು ಕಾರಿನಲ್ಲಿ ಎಡಕ್ಕೆ 0.70, ಬಲಕ್ಕೆ 0.10. ಇಲ್ಲಿಯೂ ಥ್ರಸ್ಟ್ ಆಂಗಲ್ 0.30, ಆದರೆ ರೋಗ ಬೇರೆ. ಮೊದಲನೆಯದರಲ್ಲಿ ಎರಡೂ ಚಕ್ರಗಳ ಒಟ್ಟು ಟೋ ಇರಬೇಕಾದಂತೆ 0.20 ಆಗಿಯೇ ಇದೆ. ಎಂದರೆ ಯಾವ ಭಾಗವೂ ಬಾಗಿಲ್ಲ, ಇಡೀ ಆಕ್ಸಲೇ ತನ್ನ ಜಾಗದಲ್ಲಿ ತಿರುಗಿ ಕೂತಿದೆ. ಆಕ್ಸಲಿನ ರಬ್ಬರ್ ಬುಷ್ (ಕೀಲಿನ ಮೆತ್ತೆ) ಹರಿದಿರಬೇಕು, ಅಥವಾ ಆಕ್ಸಲನ್ನು ಗಾಡಿಯ ಮೈಗೆ ಹಿಡಿದಿರುವ ಬ್ರ್ಯಾಕೆಟ್ ಸರಿದಿರಬೇಕು. ಎರಡನೆಯದರಲ್ಲಿ ಎಡಚಕ್ರವೊಂದೇ ಹಾದಿ ತಪ್ಪಿದೆ. ಹೊಂಡಕ್ಕೋ ರಸ್ತೆ ವಿಭಜಕದ ಅಂಚಿಗೋ ಬಡಿದು ಆ ಬದಿಯ ಚಕ್ರ ಕೂರುವ ಗಿಡ್ಡ ದಂಡವಾದ ಸ್ಟಬ್ ಆಕ್ಸಲ್ ಅಥವಾ ಬೀಮಿನ ತೋಳು ಬಾಗಿರುತ್ತದೆ, ಅದರ ಜೊತೆಗೆ ಕ್ಯಾಂಬರ್ (ನಿಂತ ಚಕ್ರದ ಮೇಲ್ತುದಿ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಅಂಕಿಯೂ ಕೆಟ್ಟಿದ್ದರೆ ಸಂಶಯಕ್ಕೆ ಎಡೆಯಿಲ್ಲ.

ಬೀಮ್ ಎಂದೆನಲ್ಲ. ಮಾರುತಿ ಸ್ವಿಫ್ಟ್, ಹ್ಯುಂಡೈ ಐ10 ಮುಂತಾದ ಕಾರುಗಳಲ್ಲಿ ಎರಡು ಹಿಂಚಕ್ರಗಳ ತೋಳುಗಳನ್ನು ಅಡ್ಡಲಾಗಿ ಜೋಡಿಸುವ, ತಿರುಚಿಕೊಳ್ಳಬಲ್ಲ ಉಕ್ಕಿನ ತೊಲೆಯಿದು. ಸ್ಪ್ರಿಂಗ್, ಶಾಕ್ ಅಬ್ಸಾರ್ಬರುಗಳನ್ನು ಬಿಟ್ಟರೆ ಇದನ್ನು ಗಾಡಿಯ ಮೈಗೆ ಕೂಡಿಸುವುದು ಮುಂತುದಿಯ ಎರಡು ರಬ್ಬರ್ ಬುಷ್‌ಗಳು ಮಾತ್ರ. ಹಿಂದಿನಿಂದ ಟಕ್‌ಟಕ್ ಎಂದು ಸದ್ದು ಬಂದರೆ ನಮ್ಮಲ್ಲಿ ಮೊದಲು ಬದಲಾಗುವುದು ಶಾಕ್ ಅಬ್ಸಾರ್ಬರ್. ಸ್ಪೀಡ್ ಬ್ರೇಕರಿನ ಮೇಲೆ ಒಮ್ಮೆ ಮಂದವಾಗಿ ‘ದಡ್’ ಎನ್ನುವ ಗಾಡಿಯಲ್ಲಿ ಶಾಕಿಗಿಂತ ಮೊದಲು ಆ ಬುಷ್‌ಗಳನ್ನು ನೋಡಬೇಕೆಂಬುದು ನನ್ನ ಅಭಿಪ್ರಾಯ.

ಯಂತ್ರವಿಲ್ಲದೆಯೂ ಅನುಮಾನವನ್ನು ಅರ್ಧ ಪರಿಹರಿಸಿಕೊಳ್ಳಬಹುದು, ಮಳೆಗಾಲದಲ್ಲಂತೂ ಖರ್ಚೇ ಇಲ್ಲ. ನೀರು ನಿಂತ ಜಾಗವನ್ನು ದಾಟಿಸಿ, ಒಣಗಿದ ಕಾಂಕ್ರೀಟಿನ ಮೇಲೆ ಗಾಡಿಯನ್ನು ನೇರವಾಗಿ ನಿಧಾನವಾಗಿ ಓಡಿಸಿ, ಇಳಿದು ಟೈರಿನ ಗುರುತುಗಳನ್ನು ನೋಡಬೇಕು. ಮುಂದಿನ ಎರಡು ಚಕ್ರಗಳ ನಡುವಿನ ಅಗಲವೂ ಹಿಂದಿನ ಎರಡರ ನಡುವಿನ ಅಗಲವೂ ಒಂದೇ ಆಗಿರಬೇಕೆಂದಿಲ್ಲ, ಆದರೆ ಹಿಂದಿನ ಗುರುತು ಮುಂದಿನ ಗುರುತಿನಿಂದ ಒಳಕ್ಕೆ ಅಥವಾ ಹೊರಕ್ಕೆ ಎಷ್ಟು ಸರಿದಿದೆಯೋ ಅದು ಎಡ-ಬಲಗಳಲ್ಲಿ ಸಮನಾಗಿರಬೇಕು. ಚಕ್ರಾಂತರ (ಮುಂದಿನ, ಹಿಂದಿನ ಆಕ್ಸಲುಗಳ ನಡುವಿನ ದೂರ) 2,400 ಮಿ.ಮೀ. ಇರುವ ಕಾರಿನಲ್ಲಿ ಒಂದು ಡಿಗ್ರಿ ಓರೆಯಾದರೆ ಹಿಂಭಾಗ ಸುಮಾರು 42 ಮಿ.ಮೀ. ಬದಿಗೆ ಸರಿಯುತ್ತದೆ, ಕಣ್ಣಿಗೇ ಕಾಣುತ್ತದೆ, 0.30 ಡಿಗ್ರಿಯಾದರೆ ಸರಿಯುವುದು ಸುಮಾರು 12.5 ಮಿ.ಮೀ. ಮಾತ್ರ, ಅದಕ್ಕೆ ಯಂತ್ರವೇ ಬೇಕು. ಹಿಂದಿನ ಟೈರಿನ ಮೇಲೆ ಅಂಗೈಯನ್ನು ಅಡ್ಡಲಾಗಿ ಸವರಿದಾಗ ಒಂದು ದಿಕ್ಕಿನಲ್ಲಿ ನಯವಾಗಿ, ಮರಳಿ ಎಳೆದಾಗ ಗರಗಸದಂತೆ ಚುಚ್ಚಿದರೆ ಟೋ ತಪ್ಪಿರುವುದು ಬಹುಮಟ್ಟಿಗೆ ಖಚಿತ. ಹೊಸ ಟೈರ್ ಹಾಕಿ ಮಾರುವವರಲ್ಲಿ ಹಳೆಯ ಟೈರುಗಳನ್ನು ಏಕೆ ತೆಗೆದಿರೆಂದು ಕೇಳುವುದರಲ್ಲಿ ತಪ್ಪಿಲ್ಲ.

ಕರಾವಳಿಯಲ್ಲಿ ಇನ್ನೊಂದು ಕಾರಣವೂ ಸೇರಿಕೊಳ್ಳುತ್ತದೆ. ವರ್ಷಕ್ಕೆ 4,000 ಮಿ.ಮೀ. ಆಸುಪಾಸಿನ ಮಳೆ, ಅದರ ಮೇಲೆ ಉಪ್ಪುಗಾಳಿ. ಸ್ಪ್ರಿಂಗ್ ಕೂರುವ ಬಟ್ಟಲಿನಲ್ಲಿಯೂ ಬುಷಿನ ಬ್ರ್ಯಾಕೆಟ್ಟಿನ ಮೂಲೆಯಲ್ಲಿಯೂ ಕೆಸರು ನಿಂತು ತುಕ್ಕು ಒಳಗಿಂದ ತಿನ್ನುತ್ತದೆ. ನೋಂದಣಿ ಸಂಖ್ಯೆ ಉಡುಪಿಯ ಕೆಎ 20 ಎಂದಿದ್ದ ಮಾತ್ರಕ್ಕೆ ಗಾಡಿ ಇಷ್ಟು ದಿನ ನಿಂತದ್ದು ಮಲ್ಪೆಯ ಕಡಲ ಬದಿಯಲ್ಲೋ ಕಾರ್ಕಳದ ಶೆಡ್ಡಿನಲ್ಲೋ ತಿಳಿಯುವುದಿಲ್ಲವಾದ್ದರಿಂದ ಲಿಫ್ಟಿನ ಮೇಲೆ ಏರಿಸಿಯೇ ನೋಡಬೇಕು. ಹಳೆಯ ಗಾಡಿಯ ಅಡಿಗೆ ಆಗಷ್ಟೇ ಬಳಿದ ಕಪ್ಪು ಕೋಟಿಂಗ್ ಕಂಡರೆ ನಾನು ಮೆಚ್ಚುವುದಿಲ್ಲ, ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡುತ್ತೇನೆ. ಗಟ್ಟಿ ಲೋಹದ ದನಿಯ ಬದಲು ಟೊಳ್ಳು ಸದ್ದು ಬಂದರೆ ಆ ಬ್ರ್ಯಾಕೆಟ್ಟಿಗೆ ಯಾವ ಬುಷ್ ಹಾಕಿದರೂ ಕೋನ ನಿಲ್ಲದು. ಅಂಥ ಗಾಡಿಗೆ ಬೆಲೆ ಕೇಳುವ ಅಗತ್ಯವೇ ಇಲ್ಲ.

ದುರಸ್ತಿಯ ಮಾತು ಚಿಕ್ಕದು. ಬೀಮ್ ಇರುವ ಬಹುತೇಕ ಕಾರುಗಳಲ್ಲಿ ಹಿಂದಿನ ಟೋವನ್ನು ತಿರುಗಿಸಿ ಸರಿಪಡಿಸುವ ವ್ಯವಸ್ಥೆ ಇರುವುದಿಲ್ಲ. ಸ್ಟಬ್ ಆಕ್ಸಲ್ ಬೋಲ್ಟಿನಲ್ಲಿ ಕೂರುವಂಥದಾದರೆ ಅದನ್ನು ಬದಲಿಸಬಹುದು, ಅಲ್ಪ ವ್ಯತ್ಯಾಸಕ್ಕೆ ನಡುವೆ ಶಿಮ್ ಎಂಬ ತೆಳು ಬಿಲ್ಲೆ ಇಡಬಹುದು. ಬಾಗಿದ ಬೀಮನ್ನು ಕಾಯಿಸಿ ನೆಟ್ಟಗೆ ಮಾಡಿಸುವುದು ಮಾತ್ರ ಬೇಡ. ಬುಷ್ ಹಾಕಿಸಿದರೆ ಅದರ ಬೋಲ್ಟನ್ನು ಗಾಡಿ ಲಿಫ್ಟಿನಲ್ಲಿ ನೇತಾಡುತ್ತಿರುವಾಗ ಕೊನೆಯ ಬಿಗಿ ಕೊಡಬಾರದು. ಚಕ್ರಗಳ ಮೇಲೆ ಭಾರ ಬಿದ್ದ ಸ್ಥಿತಿಯಲ್ಲಿ ಬಿಗಿಸದಿದ್ದರೆ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ, ಚೀಟಿಯಲ್ಲಿ ಹಳೆಯ ಅಂಕಿಯೇ ಮತ್ತೆ ಬರುತ್ತದೆ.