ಗೆದ್ದವರು ಯಾರು ಎಂಬುದು ಆಮೇಲಿನ ಪ್ರಶ್ನೆ

ಅಮೆರಿಕದ ಸ್ವಾತಂತ್ರ್ಯ ಯುದ್ಧದ ಬಗ್ಗೆ ಪ್ರಶ್ನೆ ಕೊಟ್ಟಾಗಲೆಲ್ಲ ಉತ್ತರ ಪತ್ರಿಕೆಗಳಲ್ಲಿ ಒಂದು ಕೋಷ್ಟಕ ಬಂದೇ ಬರುತ್ತದೆ. ಎಡಗಡೆ ಕದನದ ಹೆಸರು, ನಡುವೆ ಇಸವಿ, ಬಲಗಡೆ ಗೆದ್ದವರು ಯಾರು ಎಂಬುದು. ಗೆರೆಗಳನ್ನು ಸ್ಕೇಲ್ ಇಟ್ಟು ನೀಟಾಗಿ ಎಳೆದಿರುತ್ತಾರೆ. ಸ್ಪರ್ಧಾತ್ಮಕ ಪರೀಕ್ಷೆಗೆ ಕೂರುವ ಈ ಮಕ್ಕಳ ಶ್ರಮ ನನಗೆ ಗೊತ್ತು. ಹಗಲೆಲ್ಲ ದುಡಿದು ರಾತ್ರಿ ಓದುವವರು ಅವರಲ್ಲಿದ್ದಾರೆ. ಅಂಥವರ ಹಾಳೆಯ ಮೇಲೆ ‘ಮಹತ್ವ ಎಲ್ಲಿ?’ ಎಂದು ಕೆಂಪು ಶಾಯಿಯಲ್ಲಿ ಬರೆಯಲು ಮನಸ್ಸಾಗುವುದಿಲ್ಲ. ಆದರೂ ಬರೆಯಲೇಬೇಕು. ಪ್ರಶ್ನೆ ಕೇಳಿದ್ದು ಪ್ರಮುಖ ಕದನಗಳ ಮಹತ್ವವನ್ನು, ಕೈಗೆ ಬಂದದ್ದು ಕ್ರಿಕೆಟ್ ಸ್ಕೋರ್ ಕಾರ್ಡು.

ಆ ಕೋಷ್ಟಕವನ್ನೇ ನಂಬಿದರೆ ಯುದ್ಧವನ್ನು ಬ್ರಿಟಿಷರು ಗೆದ್ದಿರಬೇಕಿತ್ತು. ಬಂಕರ್ ಹಿಲ್, ಲಾಂಗ್ ಐಲೆಂಡ್, ಬ್ರಾಂಡಿವೈನ್, ಜರ್ಮನ್‌ಟೌನ್, ಚಾರ್ಲ್ಸ್‌ಟನ್, ಕ್ಯಾಮ್‌ಡೆನ್, ಗಿಲ್ಫರ್ಡ್ ಕೋರ್ಟ್‌ಹೌಸ್, ಇವೆಲ್ಲದರ ಮುಂದೆಯೂ ಬ್ರಿಟಿಷರ ಹೆಸರೇ ಇದೆ. ಇಷ್ಟು ಸೋತವರಿಗೆ ಸ್ವಾತಂತ್ರ್ಯ ಹೇಗೆ ಸಿಕ್ಕಿತು? ಕೋಷ್ಟಕ ಬರೆದವರನ್ನು ಹೀಗೆ ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ: ‘ಕೊನೆಗೆ ಯಾರ್ಕ್‌ಟೌನ್‌ನಲ್ಲಿ ಗೆದ್ದರಲ್ಲ ಸಾರ್.’ ಕೊನೆಯ ಒಂದು ಗೆಲುವು ಹಿಂದಿನ ಸೋಲುಗಳನ್ನೆಲ್ಲ ಅಳಿಸಿಹಾಕಿತು ಎಂಬ ನಂಬಿಕೆ ಇದು. ನಾನು ಬಿಡಿಸಲು ಹೆಣಗುತ್ತಿರುವುದು ಇದೊಂದನ್ನೇ.

ಕದನ ಮುಗಿದ ಮರುದಿನ ಬೆಳಿಗ್ಗೆ ಎರಡು ಸೈನ್ಯಗಳ ಕೈಯಲ್ಲೂ ಏನು ಸಾಧ್ಯ, ಏನು ಅಸಾಧ್ಯ ಎಂದು ನೋಡಬೇಕು. ನಿನ್ನೆವರೆಗೆ ಮಾಡಬಹುದಾಗಿದ್ದ ಯಾವ ಕೆಲಸ ಇಂದು ಕೈತಪ್ಪಿತು? ಹೊಸದಾಗಿ ಯಾವ ದಾರಿ ತೆರೆಯಿತು? ಮಹತ್ವ ಇರುವುದು ಅಲ್ಲಿ. ಮೈದಾನ ಯಾರ ವಶವಾಯಿತು ಎಂಬುದು ಅದರಲ್ಲಿ ಒಂದು ಅಂಶ ಮಾತ್ರ, ಎಷ್ಟೋ ಸಲ ಚಿಕ್ಕ ಅಂಶ.

ಗಿಲ್ಫರ್ಡ್ ಕೋರ್ಟ್‌ಹೌಸ್ ಕದನವನ್ನೇ ತೆಗೆದುಕೊಳ್ಳಿ. ಗೈಡುಗಳಲ್ಲಿ ಇದಕ್ಕೆ ಅರ್ಧ ಸಾಲು ಸಿಕ್ಕರೆ ಹೆಚ್ಚು, ನಾನು ಮಾತ್ರ ಇದಕ್ಕೆ ಒಂದಿಡೀ ತರಗತಿ ಕೊಡುತ್ತೇನೆ. 1781ರ ಜನವರಿಯಲ್ಲಿ ಕೌಪೆನ್ಸ್‌ನಲ್ಲಿ ತನ್ನ ಪಡೆಯ ಒಂದು ಭಾಗವನ್ನು ಕಳೆದುಕೊಂಡ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಸಿಟ್ಟಿನಿಂದ ಅಮೆರಿಕನ್ ಸೇನಾಪತಿ ನಥಾನಿಯಲ್ ಗ್ರೀನ್‌ನ ಬೆನ್ನು ಹತ್ತಿದ. ವೇಗವಾಗಿ ನಡೆಯಬೇಕೆಂದು ರಾಮ್‌ಸರ್ಸ್ ಮಿಲ್ ಎಂಬಲ್ಲಿ ಗಾಡಿ, ಡೇರೆ, ಸಾಮಾನುಗಳಿಗೆ ಬೆಂಕಿ ಹಾಕಿಸಿದ. ರಮ್ಮಿನ ಪೀಪಾಯಿಗಳನ್ನೂ ಉಳಿಸಲಿಲ್ಲ. ಗ್ರೀನ್ ನಿಲ್ಲದೆ ಹಿಂದೆ ಸರಿಯುತ್ತ ಹೋಗಿ ಫೆಬ್ರವರಿ ಮಧ್ಯದಲ್ಲಿ ಡ್ಯಾನ್ ನದಿಯನ್ನು ದೋಣಿಗಳಲ್ಲಿ ದಾಟಿಬಿಟ್ಟ. ಬೆನ್ನಟ್ಟಿ ಬಂದವರು ದಡಕ್ಕೆ ತಲುಪುವಾಗ ದೋಣಿಗಳೆಲ್ಲ ಆಚೆ ದಡದಲ್ಲಿದ್ದವು. ಆಮೇಲೆ ಬಲ ಕೂಡಿಸಿಕೊಂಡು ಗ್ರೀನ್ ತಾನೇ ವಾಪಸ್ ಬಂದು, ತಾನು ಆರಿಸಿದ ಜಾಗದಲ್ಲಿ ಮಾರ್ಚ್ 15ರಂದು ಎದುರು ನಿಂತ.

ಕಾರ್ನ್‌ವಾಲಿಸ್ ಬಳಿ ಇದ್ದವರು ಸುಮಾರು 1,900 ಮಂದಿ, ಗ್ರೀನ್ ಬಳಿ ಅದರ ಎರಡರಷ್ಟಕ್ಕಿಂತ ಹೆಚ್ಚು. ಆದರೂ ಮೈದಾನ ಬಿಟ್ಟು ಹೋದವನು ಗ್ರೀನ್. ಕೋಷ್ಟಕದಲ್ಲಿ ‘ಬ್ರಿಟಿಷರು’ ಎಂದು ಬರೆಯುವುದು ತಪ್ಪಲ್ಲ. ಆ ರಾತ್ರಿ ಏನಾಯಿತು ನೋಡಿ. ಮಳೆ ಸುರಿಯಿತು. ಡೇರೆಗಳನ್ನು ಸುಟ್ಟುಕೊಂಡ ಸೈನ್ಯ ತೆರೆದ ಕಾಡಿನಲ್ಲಿ, ಹೊಟ್ಟೆಗಿಲ್ಲದೆ, ಗಾಯಾಳುಗಳ ನರಳಾಟದ ನಡುವೆ ಬೆಳಗು ಮಾಡಿತು. ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಐನೂರಕ್ಕೂ ಮೇಲೆ. ಅಂದರೆ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಪಾಲು. ನಡೆಯಲಾಗದ ಗಾಯಾಳುಗಳನ್ನು ನ್ಯೂ ಗಾರ್ಡನ್‌ನ ಕ್ವೇಕರ್ ಎಂಬ ಕ್ರೈಸ್ತ ಪಂಥದವರ ಪ್ರಾರ್ಥನಾ ಮಂದಿರದಲ್ಲಿ ಬಿಟ್ಟು ವಿಜಯಿ ಸೇನಾಪತಿ ಸಮುದ್ರತೀರದ ವಿಲ್ಮಿಂಗ್ಟನ್ ಕಡೆಗೆ ಹೊರಟ. ಅಲ್ಲಿಗಲ್ಲದೆ ಬೇರೆಲ್ಲಿಗೂ ಆಹಾರ, ಬಟ್ಟೆ, ಬೂಟು ಬರುವಂತಿರಲಿಲ್ಲ. ಸುದ್ದಿ ಲಂಡನ್ನಿಗೆ ಮುಟ್ಟಿದಾಗ, ಇಂಥ ಇನ್ನೊಂದು ಗೆಲುವು ಸಿಕ್ಕರೆ ನಮ್ಮ ಸೈನ್ಯವೇ ಉಳಿಯದು ಎಂಬರ್ಥದ ಮಾತನ್ನು ವಿರೋಧ ಪಕ್ಷದ ಚಾರ್ಲ್ಸ್ ಜೇಮ್ಸ್ ಫಾಕ್ಸ್ ಪಾರ್ಲಿಮೆಂಟಿನಲ್ಲಿ ಆಡಿದ.

ಸೋತ ಗ್ರೀನ್ ಎಲ್ಲಿಗೆ ಹೋದ? ದಕ್ಷಿಣಕ್ಕೆ, ಕಾರ್ನ್‌ವಾಲಿಸ್ ಬಿಟ್ಟುಹೋದ ಸೌತ್ ಕೆರೊಲಿನಾಕ್ಕೆ. ಹಾಬ್‌ಕರ್ಕ್ಸ್ ಹಿಲ್‌ನಲ್ಲಿ ಮತ್ತೆ ಸೋತ. ಯುಟಾ ಸ್ಪ್ರಿಂಗ್ಸ್‌ನಲ್ಲೂ ಮೈದಾನ ಉಳಿಸಿಕೊಳ್ಳಲಾಗಲಿಲ್ಲ. ಅಷ್ಟರಲ್ಲಿ ಒಳನಾಡಿನ ಕೋಟೆಗಳು ಒಂದೊಂದಾಗಿ ಬ್ರಿಟಿಷರ ಕೈಬಿಟ್ಟವು. ವರ್ಷದ ಕೊನೆಗೆ ದಕ್ಷಿಣದಲ್ಲಿ ಅವರಿಗೆ ಉಳಿದದ್ದು ಚಾರ್ಲ್ಸ್‌ಟನ್, ಸವಾನಾ ಎಂಬ ಬಂದರುಗಳು. ಆ ವರ್ಷ ದೊಡ್ಡ ಕದನ ಒಂದನ್ನೂ ಸ್ಪಷ್ಟವಾಗಿ ಗೆಲ್ಲದವನು ಬಂದರುಗಳನ್ನು ಬಿಟ್ಟು ಇಡೀ ಪ್ರಾಂತ್ಯವನ್ನೇ ವಾಪಸ್ ಪಡೆದ. ಇದನ್ನು ಆ ಮೂರು ಕಾಲಮ್ಮುಗಳ ಯಾವ ಮೂಲೆಯಲ್ಲಿ ತುಂಬಿಸುತ್ತೀರಿ?

ಇನ್ನು ಸಾರಟೋಗಾ. ‘ಸಾರಟೋಗಾದಲ್ಲಿ ಗೆದ್ದದ್ದರಿಂದ ಫ್ರಾನ್ಸ್ ಅಮೆರಿಕದ ಪರ ಸೇರಿತು’ ಎಂಬ ಸಾಲು ಎಲ್ಲರಿಗೂ ಬಾಯಿಪಾಠ. ಸಾಲು ಸರಿಯಾಗಿಯೇ ಇದೆ, ಆದರೆ ಅರ್ಧ. ಏಳು ವರ್ಷಗಳ ಯುದ್ಧದಲ್ಲಿ ಪೆಟ್ಟು ತಿಂದು 1763ರಲ್ಲಿ ಕೆನಡಾ ಬಿಟ್ಟುಕೊಟ್ಟಿದ್ದ ಫ್ರಾನ್ಸ್‌ಗೆ ಬ್ರಿಟನ್ನಿನ ಮೇಲೆ ಹಗೆ ಮೊದಲಿಂದಲೂ ಇತ್ತು. 1776ರಿಂದಲೇ ನಾಟಕಕಾರ ಬೊಮಾರ್ಶೆ ನಡೆಸುತ್ತಿದ್ದ ಹೆಸರಿಗಷ್ಟೇ ವ್ಯಾಪಾರಿಯಾದ ಕಂಪನಿಯ ಮೂಲಕ ಮದ್ದು, ಬಂದೂಕು, ಫಿರಂಗಿಗಳು ಗುಟ್ಟಾಗಿ ಅಮೆರಿಕಕ್ಕೆ ಹೋಗುತ್ತಿದ್ದವು. ಇಚ್ಛೆ ಇತ್ತು, ಹಡಗುಗಳೂ ತಯಾರಾಗುತ್ತಿದ್ದವು. ಇಲ್ಲದಿದ್ದದ್ದು ಭರವಸೆ: ಈ ದಂಗೆಕೋರರು ನಿಲ್ಲುತ್ತಾರೆಯೇ, ಅಥವಾ ನಾಳೆ ಬ್ರಿಟನ್ನಿನ ಜೊತೆ ರಾಜಿಯಾಗಿ ನಮ್ಮನ್ನು ನಡುನೀರಿನಲ್ಲಿ ಕೈಬಿಡುತ್ತಾರೆಯೇ? 1777ರ ಅಕ್ಟೋಬರ್ 17ರಂದು ಬ್ರಿಟಿಷ್ ಜನರಲ್ ಬರ್ಗೋಯ್ನ್ ಸುಮಾರು 5,900 ಸೈನಿಕರೊಂದಿಗೆ ಶರಣಾದಾಗ ಸಿಕ್ಕಿದ್ದು ಆ ಭರವಸೆ. ಡಿಸೆಂಬರ್ ಆರಂಭದಲ್ಲಿ ಸುದ್ದಿ ಪ್ಯಾರಿಸ್ ತಲುಪಿತು, 1778ರ ಫೆಬ್ರವರಿ 6ಕ್ಕೆ ಒಪ್ಪಂದಕ್ಕೆ ಸಹಿ ಬಿತ್ತು. ಈಗ ಬ್ರಿಟನ್ನೇ ಅಮೆರಿಕನ್ನರ ಜೊತೆ ರಾಜಿಗೆ ಮುಂದಾದೀತು ಎಂಬ ಆತಂಕವೂ ಫ್ರೆಂಚರನ್ನು ಅವಸರಪಡಿಸಿತು ಎನ್ನಬಹುದು. ಒಂದೇ ಕಾರಣಕ್ಕೆ ಇಡೀ ಭಾರ ಹೊರಿಸುವುದು ಬೇಡ.

ಅದೇ ಶರತ್ಕಾಲದಲ್ಲಿ ಇನ್ನೊಂದು ಕಡೆ ಬ್ರಿಟಿಷ್ ಜನರಲ್ ಹೌ ಬ್ರಾಂಡಿವೈನ್ ಗೆದ್ದು ಕಾಂಗ್ರೆಸ್ಸಿನ ರಾಜಧಾನಿ ಫಿಲಡೆಲ್ಫಿಯಾವನ್ನೇ ಹಿಡಿದಿದ್ದ. ಹಡ್ಸನ್ ಕಣಿವೆಯಲ್ಲಿ ಬರ್ಗೋಯ್ನ್ ಒಂಟಿಯಾದದ್ದಕ್ಕೆ ಹೌ ಅತ್ತ ಹೋದದ್ದೂ ಒಂದು ಕಾರಣ. ಫ್ರಾನ್ಸ್ ಯುದ್ಧಕ್ಕಿಳಿದ ಮೇಲೆ ಬ್ರಿಟನ್ ಕೆರಿಬಿಯನ್ ಸಕ್ಕರೆ ದ್ವೀಪಗಳನ್ನು, ಜಿಬ್ರಾಲ್ಟರನ್ನು, ಭಾರತವನ್ನು, ಕೊನೆಗೆ ತನ್ನ ಸ್ವಂತ ಕರಾವಳಿಯನ್ನೂ ಕಾಯಬೇಕಾಯಿತು. ಅಮೆರಿಕದಲ್ಲಿದ್ದ ಪಡೆಯಿಂದಲೇ ಸಾವಿರಾರು ಜನರನ್ನು ವೆಸ್ಟ್ ಇಂಡೀಸ್‌ಗೆ ಕಳಿಸಲು ಆಜ್ಞೆ ಬಂತು. 1778ರ ಜೂನ್‌ನಲ್ಲಿ ಬ್ರಿಟಿಷರು ಫಿಲಡೆಲ್ಫಿಯಾವನ್ನು ತಾವಾಗಿಯೇ ಬಿಟ್ಟು ನಡೆದರು. ಬ್ರಾಂಡಿವೈನ್ ಗೆಲುವಿನ ಫಲ ಒಂಬತ್ತು ತಿಂಗಳೂ ಉಳಿಯಲಿಲ್ಲ, ಅದನ್ನು ಕಿತ್ತುಕೊಂಡದ್ದು ಇನ್ನೂರಕ್ಕೂ ಹೆಚ್ಚು ಮೈಲಿ ದೂರದ ಸಾರಟೋಗಾ. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದುಬಿಟ್ಟರೆ ಈ ಸಂಬಂಧ ಕಣ್ಣಿಗೇ ಬೀಳುವುದಿಲ್ಲ.

ಟ್ರೆಂಟನ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಸಣ್ಣ ಕದನ. 1776ರ ಡಿಸೆಂಬರ್ 26ರ ಬೆಳಿಗ್ಗೆ ವಾಷಿಂಗ್ಟನ್ ಸುಮಾರು 2,400 ಜನರೊಂದಿಗೆ ಬ್ರಿಟಿಷರು ಬಾಡಿಗೆಗೆ ತಂದಿದ್ದ ಜರ್ಮನ್ ಸೈನಿಕರಾದ ಹೆಸಿಯನ್ನರ ಕಾವಲುಪಡೆಯ ಮೇಲೆ ಬಿದ್ದು ಒಂಬೈನೂರರಷ್ಟು ಮಂದಿಯನ್ನು ಸೆರೆಹಿಡಿದ. ಡೆಲವೇರ್ ನದಿ ದಾಟಿದ ಚಿತ್ರವನ್ನು ಎಲ್ಲರೂ ನೆನಪಿಟ್ಟಿರುತ್ತಾರೆ, ಕ್ಯಾಲೆಂಡರನ್ನು ಮರೆಯುತ್ತಾರೆ. ಅವನ ಸೈನಿಕರಲ್ಲಿ ಬಹುಪಾಲು ಜನರ ಕರಾರು ಡಿಸೆಂಬರ್ 31ಕ್ಕೆ ಮುಗಿಯುತ್ತಿತ್ತು. ನ್ಯೂಯಾರ್ಕ್ ಕಳೆದುಕೊಂಡು ನ್ಯೂಜೆರ್ಸಿಯುದ್ದಕ್ಕೂ ಓಡಿಬಂದ ಸೈನ್ಯದಲ್ಲಿ ಮತ್ತೆ ಹೆಸರು ಬರೆಸಲು ಯಾರಿಗೆ ಮನಸ್ಸಿರುತ್ತದೆ? ಟ್ರೆಂಟನ್ ಗೆಲುವು, ಜೊತೆಗೆ ಕೊಟ್ಟ ಹಣ, ಸೇರಿ ಸಾಕಷ್ಟು ಜನರನ್ನು ಇನ್ನಷ್ಟು ವಾರ ಉಳಿಸಿದವು. ಜನವರಿ 3ರಂದು ಪ್ರಿನ್ಸ್‌ಟನ್‌ನಲ್ಲಿ ಕಾದಾಡಲು ಸೈನ್ಯವೊಂದು ಇತ್ತಲ್ಲ, ಟ್ರೆಂಟನ್ನಿನ ಮಹತ್ವ ಅದೇ.

ಯಾರ್ಕ್‌ಟೌನ್‌ಗೆ ಬರೋಣ. ಗಿಲ್ಫರ್ಡ್ ನಂತರ ಕಾರ್ನ್‌ವಾಲಿಸ್ ವರ್ಜೀನಿಯಾಕ್ಕೆ ಹೋಗಿ, ಹಡಗುಗಳು ಬಂದು ತನ್ನನ್ನು ನೋಡಿಕೊಳ್ಳುತ್ತವೆ ಎಂಬ ಲೆಕ್ಕದಲ್ಲಿ ನೀರಿನ ಅಂಚಿಗೆ ಬೀಡುಬಿಟ್ಟ. ಬಂದದ್ದು ಫ್ರೆಂಚ್ ಹಡಗುಗಳು. 1781ರ ಸೆಪ್ಟೆಂಬರ್ 5ರಂದು ಚೆಸಪೀಕ್ ಕೊಲ್ಲಿಯ ಬಾಯಲ್ಲಿ ಡಿ ಗ್ರಾಸ್‌ನ 24 ಯುದ್ಧನೌಕೆಗಳು ಗ್ರೇವ್ಸ್‌ನ 19 ನೌಕೆಗಳನ್ನು ಎದುರಿಸಿದವು. ಕೆಲವೇ ಗಂಟೆಗಳ ಗುಂಡಿನ ಕಾಳಗ, ಒಂದು ಹಡಗೂ ಸೆರೆಯಾಗಲಿಲ್ಲ. ಆದರೆ ಬ್ರಿಟಿಷ್ ನೌಕಾಪಡೆ ನ್ಯೂಯಾರ್ಕಿಗೆ ಹಿಂದಿರುಗಿತು, ಕಾರ್ನ್‌ವಾಲಿಸ್‌ಗೆ ಸಮುದ್ರದ ಬಾಗಿಲು ಮುಚ್ಚಿತು. ಅಕ್ಟೋಬರ್ 19ರ ಶರಣಾಗತಿ ಅಂದೇ ಮುಕ್ಕಾಲು ನಿರ್ಧಾರವಾಗಿತ್ತು ಎಂಬುದು ನನ್ನ ಅಭಿಪ್ರಾಯ. ಅಮೆರಿಕದ ಸ್ವಾತಂತ್ರ್ಯಕ್ಕೆ ಇಷ್ಟು ಮುಖ್ಯವಾದ ಈ ಕಾಳಗದಲ್ಲಿ ಅಮೆರಿಕದ ಒಂದು ಹಡಗೂ ಇರಲಿಲ್ಲ. ಅದಕ್ಕೇ ಇರಬೇಕು, ಕೋಷ್ಟಕಗಳಲ್ಲಿ ಇದಕ್ಕೆ ಜಾಗವೇ ಇರುವುದಿಲ್ಲ.

ಯಾರ್ಕ್‌ಟೌನ್‌ಗೆ ಯುದ್ಧ ಮುಗಿಯಿತು ಎಂಬುದನ್ನೂ ದಯವಿಟ್ಟು ಬರೆಯಬೇಡಿ. ನ್ಯೂಯಾರ್ಕ್, ಚಾರ್ಲ್ಸ್‌ಟನ್, ಸವಾನಾ ಇನ್ನೂ ಬ್ರಿಟಿಷರ ಬಳಿಯೇ ಇದ್ದವು, ಮೂರನೇ ಜಾರ್ಜ್ ಯುದ್ಧ ಮುಂದುವರಿಸಲು ಸಿದ್ಧನಿದ್ದ. ಒಪ್ಪದೇ ಹೋದದ್ದು ಪಾರ್ಲಿಮೆಂಟು. 1782ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಇನ್ನು ಆಕ್ರಮಣ ಬೇಡವೆಂದು ಕೆಳಮನೆ ಮತ ಹಾಕಿತು, ಮಾರ್ಚ್‌ನಲ್ಲಿ ಪ್ರಧಾನಿ ಲಾರ್ಡ್ ನಾರ್ತ್ ರಾಜೀನಾಮೆ ಕೊಟ್ಟ. ಪ್ಯಾರಿಸ್ ಒಪ್ಪಂದ 1783ರ ಸೆಪ್ಟೆಂಬರ್ 3ರದ್ದು.

ಆ ಹೊತ್ತಿಗೆ ಬ್ರಿಟನ್ನಿಗೆ ಎಷ್ಟು ಕಡೆ ಬೆಂಕಿ ಬಿದ್ದಿತ್ತು ಎಂಬುದಕ್ಕೆ ನಮ್ಮ ಮೈಸೂರೇ ಸಾಕ್ಷಿ. ಫ್ರಾನ್ಸ್‌ನೊಂದಿಗೆ ಯುದ್ಧವಾದ್ದರಿಂದ ಬ್ರಿಟಿಷರು 1779ರಲ್ಲಿ ಮಲಬಾರಿನ ಫ್ರೆಂಚ್ ನೆಲೆಯಾದ ಮಾಹೆ ಹಿಡಿದರು, ಅದು ಹೈದರನನ್ನು ಕೆರಳಿಸಿತು, 1780ರ ಸೆಪ್ಟೆಂಬರ್‌ನಲ್ಲಿ ಪೊಲ್ಲಿಲೂರಿನಲ್ಲಿ ಕರ್ನಲ್ ಬೈಲಿಯ ಪಡೆ ನಾಶವಾಯಿತು. 1782ರಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷ್ ಹಡಗೊಂದನ್ನು ಸೆರೆಹಿಡಿದ ಪೆನ್ಸಿಲ್ವೇನಿಯಾದ ನೌಕೆಯ ಹೆಸರು ‘ಹೈದರ್ ಅಲಿ’. ಇದನ್ನು ಓದಿದ ಹುಮ್ಮಸ್ಸಿನಲ್ಲಿ ಹೈದರನಿಂದಲೇ ಅಮೆರಿಕ ಸ್ವತಂತ್ರವಾಯಿತು ಎಂದು ಬರೆಯುವವರೂ ಇದ್ದಾರೆ, ಅದು ಅತಿಯಾಯಿತು. ಹಲವು ಭಾರಗಳಲ್ಲಿ ಮೈಸೂರೂ ಒಂದು ಎನ್ನುವಷ್ಟಕ್ಕೆ ನಿಲ್ಲಿಸಿ.

ಕಾರ್ನ್‌ವಾಲಿಸ್ ಮಾತ್ರ ನಮ್ಮಲ್ಲಿಗೇ ಬಂದ. ಗವರ್ನರ್ ಜನರಲ್ ಆಗಿ, 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಹಿಡಿದು, ಮೇ 15ರಂದು ಶ್ರೀರಂಗಪಟ್ಟಣದ ಬಳಿಯ ಅರಕೆರೆಯಲ್ಲಿ ಟಿಪ್ಪುವನ್ನು ಎದುರಿಸಿ ಮೈದಾನ ಗೆದ್ದ. ಗೆದ್ದವನು ಕೆಲವೇ ದಿನಗಳಲ್ಲಿ ತನ್ನ ಮುತ್ತಿಗೆ ಫಿರಂಗಿಗಳನ್ನು ತಾನೇ ಒಡೆಸಿಹಾಕಿ ಬೆಂಗಳೂರಿಗೆ ಹಿಂದಿರುಗಿದ. ಎತ್ತುಗಳು ಸಾಯುತ್ತಿದ್ದವು, ದಿನಸಿ ಇರಲಿಲ್ಲ, ಮಳೆ ಶುರುವಾಗಿತ್ತು. ಗಿಲ್ಫರ್ಡ್ ಕಲಿಸಿದ ಪಾಠ ಅವನ ನೆನಪಿನಲ್ಲಿತ್ತು ಎಂದು ನಾನು ಸಾಧಿಸಲು ಹೋಗುವುದಿಲ್ಲ. ಆದರೆ ಈ ಬಾರಿ ಅವನು ಶತ್ರುವಿನ ಬೆನ್ನು ಹತ್ತಲಿಲ್ಲ. ಆ ವರ್ಷದ ಉಳಿದ ತಿಂಗಳುಗಳನ್ನು ಎತ್ತು, ಧಾನ್ಯ ಕೂಡಿಹಾಕುವುದಕ್ಕೆ, ದಾರಿ ಕಾಯುವ ಬೆಟ್ಟದ ಕೋಟೆಗಳನ್ನು ಹಿಡಿಯುವುದಕ್ಕೆ ಕೊಟ್ಟ. ಅಕ್ಟೋಬರ್‌ನಲ್ಲಿ ನಂದಿದುರ್ಗ, ಡಿಸೆಂಬರ್‌ನಲ್ಲಿ ಸಾವನದುರ್ಗ. 1792ರ ಫೆಬ್ರವರಿಯಲ್ಲಿ ಶ್ರೀರಂಗಪಟ್ಟಣದ ಮುಂದೆ ಮತ್ತೆ ನಿಂತಾಗ ಅವನ ಬೆನ್ನ ಹಿಂದೆ ಬೆಂಗಳೂರಿನವರೆಗೂ ದಾರಿ ತೆರೆದಿತ್ತು, ಮುಂದಿನ ತಿಂಗಳು ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿ ಹಾಕಿದ.